ಪಾಸಾದವರು ಹೆಚ್ಚಿದರು, ಕಲಿಕೆ ಹೆಚ್ಚಿತೇ? ಜಾರ್ಜಿಯಾ ಟೆಕ್‌ನ ‘ಮೀಡಿಯಾ ಕಂಪ್ಯುಟೇಶನ್’ ಪ್ರಕರಣ

ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯ 1999ರಲ್ಲಿ ಒಂದು ನಿಯಮ ತಂದಿತು. ಯಾರು ಏನೇ ಓದುತ್ತಿರಲಿ, ಡಿಗ್ರಿ ಸಿಗಬೇಕಾದರೆ ಕಂಪ್ಯೂಟಿಂಗ್‌ನ ಒಂದು ಕೋರ್ಸು ಪಾಸಾಗಲೇಬೇಕು. ಎಂಜಿನಿಯರಿಂಗಿನವರಿಗೆ ಇದು ದೊಡ್ಡ ಸುದ್ದಿಯೇನಲ್ಲ. ಆರ್ಕಿಟೆಕ್ಚರ್, ಮ್ಯಾನೇಜ್‌ಮೆಂಟ್, ಇತಿಹಾಸ, ಸಾರ್ವಜನಿಕ ನೀತಿ ಓದಲು ಬಂದವರಿಗೆ ಮಾತ್ರ ಇದು ಕೇಳದೆ ಬಂದ ಹೊರೆ. ವಿಚಾರ ಹೊಸದೂ ಅಲ್ಲ. 1961ರಲ್ಲಿ ಎಂಐಟಿಯ ಶತಮಾನೋತ್ಸವದ ಉಪನ್ಯಾಸ ಮಾಲೆಯಲ್ಲೇ ಕಂಪ್ಯೂಟರ್ ವಿಜ್ಞಾನಿ ಅಲನ್ ಪರ್ಲಿಸ್, ಪದವಿ ಓದುವ ಪ್ರತಿಯೊಬ್ಬರೂ ಪ್ರೋಗ್ರಾಮಿಂಗ್ ಕಲಿಯಬೇಕು ಎಂದು ವಾದಿಸಿದ್ದರು. ವಾದ ಮಾಡಿ ಸುಮಾರು ನಾಲ್ಕು ದಶಕವಾದ ಮೇಲೆ ಒಂದು ದೊಡ್ಡ ಸಂಸ್ಥೆ ಅದನ್ನು ನಿಯಮವಾಗಿಯೇ ಜಾರಿ ಮಾಡಿದಾಗ ಏನಾಯಿತು ಎಂಬುದು ಈ ಪ್ರಕರಣ.

ಆದದ್ದು ಇಷ್ಟು: ಎಲ್ಲ ವಿಭಾಗದವರನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸಿದರು. ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಾಠ ನಡೆಯಿತು. ಒಟ್ಟು ಕ್ಲಾಸಿನ ಫಲಿತಾಂಶ ನೋಡಿದರೆ ಗಾಬರಿಯಾಗುವಂಥದ್ದೇನೂ ಕಾಣುತ್ತಿರಲಿಲ್ಲ. ವಿಭಾಗವಾರು ಬಿಡಿಸಿ ನೋಡಿದಾಗ ಕಂಡಿತು: ಕಲೆ, ಆರ್ಕಿಟೆಕ್ಚರ್, ಮ್ಯಾನೇಜ್‌ಮೆಂಟಿನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನರೂ ಸರಿಯಾಗಿ ದಾಟುತ್ತಿರಲಿಲ್ಲ. ಅಲ್ಲಿ ‘ಡಿ’ ಅಥವಾ ‘ಎಫ್’ ಗ್ರೇಡ್ ಪಡೆದವರನ್ನೂ ನಡುವೆ ಬಿಟ್ಟು ಹೋದವರನ್ನೂ ಒಟ್ಟಿಗೆ ಸೇರಿಸಿ ಒಂದು ಪ್ರಮಾಣ ಹೇಳುತ್ತಾರೆ. ಈ ವಿಭಾಗಗಳಲ್ಲಿ ಆ ಪ್ರಮಾಣ ಪಾಸಾದವರಿಗಿಂತ ಮೇಲಿತ್ತು. ಸರಾಸರಿಯ ಹಿಂದೆ ಏನೆಲ್ಲ ಅಡಗಿಕೊಳ್ಳುತ್ತದೆ ಎಂಬುದನ್ನು ಅಂಕಿಅಂಶದ ಮೇಷ್ಟ್ರುಗಳು ಹೇಳುತ್ತಲೇ ಇರುತ್ತಾರೆ. ಕಂಪ್ಯೂಟರಿನವರಿಗೂ ಅದು ನೆನಪಿರುವುದು ಅಪರೂಪ.

ಅದೇ ಸಮಯದಲ್ಲಿ ಇನ್ನೊಂದು ಗಲಾಟೆಯೂ ಆಯಿತು. 2001ರ ಕೊನೆಯ ಸೆಮಿಸ್ಟರ್‌ನಲ್ಲಿ ಎರಡು ಆರಂಭಿಕ ಕೋರ್ಸುಗಳ 187 ವಿದ್ಯಾರ್ಥಿಗಳು ಕಾಪಿ ಮಾಡಿರಬಹುದೆಂಬ ಶಂಕೆಗೆ ಸಿಕ್ಕಿದರು. ಒಬ್ಬರ ಕೋಡ್ ಇನ್ನೊಬ್ಬರದಕ್ಕೆ ಎಷ್ಟು ಹೋಲುತ್ತದೆ ಎಂದು ಹುಡುಕುವ ಸಾಫ್ಟ್‌ವೇರ್ ಅವರನ್ನು ಹಿಡಿದಿತ್ತು. ಸುದ್ದಿ ದೇಶದ ಪತ್ರಿಕೆಗಳಿಗೂ ಹೋಯಿತು. ಹೋಮ್‌ವರ್ಕ್ ವಿಷಯದಲ್ಲಿ ಒಬ್ಬರಿಗೊಬ್ಬರು ನೆರವಾಗಬಾರದೆಂಬ ಕಟ್ಟುನಿಟ್ಟಿನ ನಿಯಮವಿದ್ದ ಕೋರ್ಸು ಅದು. ಕಾಪಿ ಮಾಡುವುದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಸ್ಟೆಲ್ಲಿನಲ್ಲಿ ಪಕ್ಕದ ಮಂಚದಲ್ಲಿ ಮಲಗುವ ಗೆಳತಿಯ ಹತ್ತಿರ “ಇದ್ಯಾಕೆ ಓಡ್ತಿಲ್ಲ ನೋಡೇ” ಎಂದು ಕೇಳುವುದೂ ಅಪರಾಧವಾದರೆ, ಹೊಸದಾಗಿ ಕಲಿಯುವವಳು ಒಬ್ಬಳೇ ಕೂತು ಸ್ಕ್ರೀನ್ ದಿಟ್ಟಿಸುವುದಷ್ಟೇ ಉಳಿಯುತ್ತದೆ.

ಈ ಹಿನ್ನೆಲೆಯಲ್ಲಿ ಮಾರ್ಕ್ ಗಜ್ಡಿಯಲ್ ಎಂಬ ಪ್ರಾಧ್ಯಾಪಕರು ಹೊಸ ಕೋರ್ಸೊಂದನ್ನು ರೂಪಿಸಲು ಹೊರಟರು. ಅವರು ಮಿಚಿಗನ್‌ನಲ್ಲಿ ಎಲಿಯಟ್ ಸಾಲೊವೇ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು. ಸಾಲೊವೇ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಗಜ್ಡಿಯಲ್ ಕಂಡುಕೊಂಡ ಕಾರಣ ಸರಳವಾಗಿತ್ತು. ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಬುದ್ಧಿ ಸಾಲದೆ ಅವರು ಫೇಲಾಗುತ್ತಿಲ್ಲ. ಇದೆಲ್ಲ ತಮಗೆ ಯಾಕೆ ಎಂಬುದೇ ಅವರಿಗೆ ಹೊಳೆಯುತ್ತಿಲ್ಲ. ಫಿಬೊನಾಚಿ ಸರಣಿ, ಅವಿಭಾಜ್ಯ ಸಂಖ್ಯೆ, ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವುದು: ಪ್ರೋಗ್ರಾಮಿಂಗ್ ಪಾಠದ ಹಳೆಯ ಉದಾಹರಣೆಗಳೆಲ್ಲ ಗಣಿತ ಇಷ್ಟಪಡುವವರು ತಮ್ಮಂಥವರಿಗೇ ಬರೆದುಕೊಂಡವು. ಅಮೆರಿಕದ ವಿಶ್ವವಿದ್ಯಾಲಯ ಮಹಿಳೆಯರ ಸಂಘ 2000ದಲ್ಲಿ ಹೊರತಂದ ವರದಿಯೂ ಇದನ್ನೇ ಹೇಳಿತ್ತು. ಹುಡುಗಿಯರು ಕಂಪ್ಯೂಟಿಂಗ್‌ನಿಂದ ದೂರ ಉಳಿಯುವುದು ಅದು ಕಷ್ಟ ಎಂದಲ್ಲ, ಬೇಸರ ಮತ್ತು ಬದುಕಿಗೆ ಸಂಬಂಧವಿಲ್ಲದ್ದು ಎಂದು. ಕಂಪ್ಯೂಟರನ್ನು ಲೆಕ್ಕಕ್ಕಿಂತ ಹೆಚ್ಚಾಗಿ ಫೋಟೊ, ಹಾಡು, ವಿಡಿಯೊ, ಪತ್ರಗಳಿಗೆ ಬಳಸುವ ಜನರಿಗೆ ಆ ಫೋಟೊ, ಆ ಹಾಡನ್ನೇ ಪಾಠದ ಸಾಮಗ್ರಿ ಮಾಡಿದರೆ ಹೇಗೆ? ಹೀಗೆ ‘ಮೀಡಿಯಾ ಕಂಪ್ಯುಟೇಶನ್’ ಹುಟ್ಟಿತು. ಮೊದಲ ಬ್ಯಾಚು ಕೂತದ್ದು 2003ರ ಆರಂಭದ ಸೆಮಿಸ್ಟರ್‌ನಲ್ಲಿ.

ಭಾಷೆ ಯಾವುದಿರಬೇಕು ಎಂಬ ಚರ್ಚೆಯಲ್ಲಿ ಬೇರೆ ವಿಭಾಗಗಳ ಪ್ರಾಧ್ಯಾಪಕರನ್ನೂ ಕೂರಿಸಿಕೊಂಡದ್ದು ನನಗೆ ಮೆಚ್ಚುಗೆಯಾದ ಸಂಗತಿ. ಸ್ಕೀಮ್ ಬೇಡವೆಂದರು, ಅದರ ಹೆಸರು ಆಗಲೇ ಕೆಟ್ಟಿತ್ತು. ಜಾವಾ ಹೊಸಬರಿಗೆ ಜಟಿಲ. ಕೊನೆಗೆ ಪೈಥಾನ್ ಆಯಿತು. ಹೊರಗಿನ ಕಂಪನಿಗಳು ಅದನ್ನು ನಿಜವಾಗಿ ಬಳಸುತ್ತವೆ ಎಂಬ ಮಾತು ಕಂಪ್ಯೂಟರಿನವರಲ್ಲದ ಪ್ರಾಧ್ಯಾಪಕರನ್ನು ಒಪ್ಪಿಸಲು ನೆರವಾಯಿತು. 2003ರಲ್ಲಿ ಪೈಥಾನಿನಲ್ಲಿ ಮೊದಲ ಕೋರ್ಸು ಕಲಿಸುವುದು ಇವತ್ತಿನಷ್ಟು ಮಾಮೂಲಿ ಸಂಗತಿಯಾಗಿರಲಿಲ್ಲ. ಜಾವಾದ ಮೇಲೆ ಓಡುವ ಪೈಥಾನ್ ರೂಪವಾದ ಜೈಥಾನ್ ಬಳಸಿ ವಿದ್ಯಾರ್ಥಿಗಳಿಗೆಂದೇ ‘ಜೆಸ್’ ಎಂಬ ಸಣ್ಣ ಸಾಧನವನ್ನು ಕಟ್ಟಿದರು. ಮೇಲೆ ಪ್ರೋಗ್ರಾಮ್ ಬರೆಯುವ ಜಾಗ, ಕೆಳಗೆ ಒಂದೊಂದೇ ಆಜ್ಞೆ ಕೊಟ್ಟು ನೋಡುವ ಜಾಗ, ನಡುವೆ ‘ಲೋಡ್’ ಗುಂಡಿ. ಹೆಚ್ಚಿನ ಆಡಂಬರವಿಲ್ಲ.

ಕಡಲತೀರದ ಫೋಟೊ

ಆ ಕೋರ್ಸಿನ ಒಂದು ಪಾಠವನ್ನು ಹತ್ತಿರದಿಂದ ನೋಡಬೇಕು, ಇಲ್ಲವಾದರೆ ಮುಂದಿನ ತಕರಾರು ಅರ್ಥವಾಗುವುದಿಲ್ಲ.

ಹಗಲಿನಲ್ಲಿ ತೆಗೆದ ಕಡಲತೀರದ ಫೋಟೊ ಇದೆ. ಅದು ಸೂರ್ಯ ಮುಳುಗುವ ಹೊತ್ತಿನಲ್ಲಿ ತೆಗೆದಂತೆ ಕಾಣಬೇಕು. ಫೋಟೊ ಎಂದರೆ ಚುಕ್ಕಿಗಳ ರಾಶಿ, ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿ, ಪ್ರತಿ ಅಂಕಿಯೂ 0ಯಿಂದ 255ರ ಒಳಗೆ. ಸಂಜೆ ಎಂದರೆ ಕೆಂಪು ತಾನೇ? ಹಾಗಾಗಿ ಕೆಂಪು ಹೆಚ್ಚಿಸಿ ನೋಡೋಣ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಮಾಡಿ ನೋಡಿದರೆ ಚಿತ್ರ ಕೆಡುತ್ತದೆ, ಸಂಜೆ ಬರುವುದಿಲ್ಲ. ಆಗ ಇನ್ನೊಂದು ಊಹೆ: ಸಂಜೆಯಲ್ಲಿ ಕೆಂಪು ಜಾಸ್ತಿಯಾಗುವುದಲ್ಲ, ಹಸಿರು ಮತ್ತು ನೀಲಿ ಕಡಿಮೆಯಾಗುತ್ತವೆ. ಪ್ರತಿ ಚುಕ್ಕಿಯ ನೀಲಿಯನ್ನೂ ಹಸಿರನ್ನೂ 0.7ರಿಂದ ಗುಣಿಸಿದರೆ ಸ್ಕ್ರೀನಿನ ಮೇಲೆ ಸಂಜೆ ಇಳಿಯುತ್ತದೆ. ಇಡೀ ಪ್ರೋಗ್ರಾಮಿಗೆ ಐದಾರು ಸಾಲು ಸಾಕು. ಚಿತ್ರದ ಪ್ರತಿ ಚುಕ್ಕಿಗೂ ಹೀಗೆ ಮಾಡು ಎನ್ನುವ ಒಂದು ಲೂಪು, ಅದರೊಳಗೆ ನೀಲಿ ಓದು, ಗುಣಿಸಿ ಬರೆ. ಹಸಿರು ಓದು, ಗುಣಿಸಿ ಬರೆ.

ಈ ಪಾಠದ ಜಾಣತನ ಎರಡು ಕಡೆ ಇದೆ. ಮೊದಲನೆಯದು ಲೂಪಿನ ಅಗತ್ಯ. ಹಳೆಯ ಪಠ್ಯಗಳಲ್ಲಿ ಲೂಪು ಕಲಿಸುವಾಗ 1ರಿಂದ 10ರವರೆಗೆ ಪ್ರಿಂಟ್ ಮಾಡಿಸುತ್ತಾರೆ. ಹತ್ತು ಸಾಲು ಕೈಯಲ್ಲೇ ಬರೆದುಬಿಟ್ಟರೆ ಏನು ಎಂದು ಕೇಳಿದರೆ ಮೇಷ್ಟ್ರ ಹತ್ತಿರ ಉತ್ತರವಿಲ್ಲ. 640 ಅಗಲ, 480 ಎತ್ತರದ ಸಾಧಾರಣ ಚಿತ್ರದಲ್ಲಿ 3,07,200 ಚುಕ್ಕಿಗಳಿವೆ. ಇಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಎರಡನೆಯದು, ತಪ್ಪು ಕಣ್ಣಿಗೆ ಕಾಣುವ ಬಗೆ. ಪೈಥಾನಿನಲ್ಲಿ ಲೂಪಿನ ಒಳಗಿನ ಸಾಲುಗಳನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆಯಬೇಕು. ‘ನೀಲಿ ಬರೆ’ ಎಂಬ ಸಾಲನ್ನೂ ಅದರ ಮುಂದಿನವನ್ನೂ ಒಳಕ್ಕೆ ಸರಿಸುವುದು ಮರೆತರೆ ಪ್ರೋಗ್ರಾಮ್ ಯಾವ ದೂರೂ ಇಲ್ಲದೆ ಓಡುತ್ತದೆ, ಚಿತ್ರ ಮಾತ್ರ ಇದ್ದ ಹಾಗೇ ಇರುತ್ತದೆ. ನಿಜವಾಗಿ ಒಂದು ಚುಕ್ಕಿ ಬದಲಾಗಿದೆ: ಲೂಪು ಮುಗಿದಾಗ ಕೈಯಲ್ಲಿ ಉಳಿದ ಕೊನೆಯ ಚುಕ್ಕಿ, ಚಿತ್ರದ ಕೆಳಗಿನ ಬಲ ಮೂಲೆಯಲ್ಲಿ. ದೊಡ್ಡದು ಮಾಡಿ ನೋಡಿದರೆ ಅದು ಕಾಣುತ್ತದೆ. ಲೂಪು ಯಾವ ಕ್ರಮದಲ್ಲಿ ನಡೆಯುತ್ತದೆ, ಮುಗಿದ ಮೇಲೆ ವೇರಿಯಬಲ್ (ಸದ್ಯದ ಚುಕ್ಕಿಯನ್ನು ಹಿಡಿದಿರುವ ಹೆಸರು) ಎಲ್ಲಿ ನಿಂತಿರುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬರೆದು ವಿವರಿಸುವುದಕ್ಕಿಂತ ಆ ಮೂಲೆಯ ಚುಕ್ಕಿ ತೋರಿಸಿದರೆ ಬೇಗ ತಿಳಿಯುತ್ತದೆ.

ಕಪ್ಪು ಬಿಳುಪು ಮಾಡುವ ಪಾಠವೂ ಹೀಗೆಯೇ. ಮೊದಲು ಮೂರು ಬಣ್ಣಗಳ ಸರಾಸರಿ ತೆಗೆದು ತುಂಬುತ್ತಾರೆ. ಆಮೇಲೆ ಕಣ್ಣು ಮೂರು ಬಣ್ಣವನ್ನೂ ಒಂದೇ ಸಮ ಕಾಣುವುದಿಲ್ಲ ಎಂದು ಹೇಳಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಕೊಡಿಸುತ್ತಾರೆ. ಶಬ್ದದ ಪಾಠ ಇನ್ನೂ ಮೋಜಿನದು. ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು -32768ರಿಂದ 32767ರ ನಡುವಿನ ಅಂಕಿಯಾಗಿ ಇಟ್ಟಿರುತ್ತಾರೆ. ಒಬ್ಬರು ಮಾತಾಡಿದ ಧ್ವನಿ ತೆಗೆದುಕೊಂಡು, ಸೊನ್ನೆಗಿಂತ ಮೇಲಿರುವ ಅಂಕಿಗಳನ್ನೆಲ್ಲ ಅತಿ ಹೆಚ್ಚಿಗೂ ಕೆಳಗಿರುವುದನ್ನೆಲ್ಲ ಅತಿ ಕಡಿಮೆಗೂ ಏರಿಳಿಸಿಬಿಟ್ಟರೆ ಏನು ಕೇಳುತ್ತದೆ? ಬರೀ ಗರಗರ ಎಂದುಕೊಳ್ಳುತ್ತೇವೆ. ಗರಗರ ಇದೆ, ಆದರೆ ಮಾತು ಅರ್ಥವಾಗುತ್ತದೆ! ಪ್ರತಿ ಅಳತೆಗೂ ಒಂದೇ ಒಂದು ಬಿಟ್, ಅಂದರೆ ಮೇಲೋ ಕೆಳಗೋ ಎಂಬುದಷ್ಟೇ, ಉಳಿದಿದ್ದರೂ ಮಾತು ಉಳಿಯಿತು. ಇಷ್ಟು ಸಣ್ಣ ಪ್ರೋಗ್ರಾಮಿನಿಂದ ಇಷ್ಟು ದೊಡ್ಡ ಅಚ್ಚರಿ ಹುಟ್ಟಿಸುವ ಲ್ಯಾಬ್ ಪ್ರಯೋಗ ನಾನು ಹೆಚ್ಚು ನೋಡಿಲ್ಲ.

ಕೋರ್ಸಿನ ಕೊನೆಗೆ ಬರುವ ಸಿದ್ಧಾಂತದ ಭಾಗವನ್ನೂ ವಿದ್ಯಾರ್ಥಿಗಳ ಪ್ರಶ್ನೆಗೆ ಕಟ್ಟಿದ್ದರು. ಫೋಟೊಶಾಪ್ ಇದನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುತ್ತದೆ, ನನ್ನ ಪ್ರೋಗ್ರಾಮ್ ಯಾಕೆ ಇಷ್ಟು ನಿಧಾನ? ಅಲ್ಲಿಂದ ಪ್ರೋಗ್ರಾಮನ್ನು ಮೊದಲೇ ಪೂರ್ತಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಓಡಿಸುತ್ತಲೇ ಒಂದೊಂದು ಸಾಲನ್ನೂ ಅರ್ಥಮಾಡಿಕೊಳ್ಳುವ ಇಂಟರ್‌ಪ್ರಿಟರ್, ಅಲ್ಗಾರಿದಮ್ಮಿನ (ಕೆಲಸ ಮಾಡುವ ಕ್ರಮದ) ವೇಗದ ಮಾತು ಶುರು.

ಹೋಮ್‌ವರ್ಕಿನಲ್ಲಿ ಒಂದೇ ಚಿತ್ರವನ್ನು ಬೇರೆ ಬೇರೆ ರೀತಿ ಬದಲಿಸಿ ಕೊಲಾಜ್ ಮಾಡಬೇಕಿತ್ತು. ಮಾಡಿದ್ದನ್ನು ಎಲ್ಲರೂ ನೋಡುವಂತೆ ಕ್ಲಾಸಿನ ಸಾಮೂಹಿಕ ಪುಟದಲ್ಲಿ ಹಾಕುತ್ತಿದ್ದರು. ಒಟ್ಟಿಗೆ ಕೂತು ಕೆಲಸ ಮಾಡುವುದಕ್ಕೆ ಇಲ್ಲಿ ಅಡ್ಡಿಯಿರಲಿಲ್ಲ, ಬದಲಿಗೆ ಪ್ರೋತ್ಸಾಹವಿತ್ತು. ಹೋಮ್‌ವರ್ಕ್ ಒಪ್ಪಿಸಿದ ಮೇಲೂ ರೂಮ್‌ಮೇಟ್ ಜೊತೆ ಕೂತು ಇನ್ನೇನು ಮಾಡಬಹುದು ನೋಡೋಣ ಎಂದು ಮುಂದುವರಿಸುತ್ತಿದ್ದೆವು ಎಂದು ಸಂದರ್ಶನಗಳಲ್ಲಿ ಹೇಳಿದವರಿದ್ದಾರೆ. ಆಂಡ್ರಿಯಾ ಫೋರ್ಟೆ ಅವರು ಗಜ್ಡಿಯಲ್ ಜೊತೆ ಸೇರಿ ಮಾಡಿದ ಅಧ್ಯಯನಗಳಲ್ಲಿ ಈ ಮಾತುಗಳು ಸಿಗುತ್ತವೆ. ಒಪ್ಪಿಸಿದ ಮೇಲೂ ಹೋಮ್‌ವರ್ಕ್ ಮುಂದುವರಿಸುವ ವಿದ್ಯಾರ್ಥಿ! ಪಾಠ ಮಾಡುವವರಿಗೆ ಇದರ ಬೆಲೆ ಗೊತ್ತು.

ಅಂಕಿಗಳು ಹೇಳಿದ್ದು

ಮೊದಲ ಬ್ಯಾಚಿನಲ್ಲಿ 121 ಜನ. ಮೂರರಲ್ಲಿ ಎರಡು ಪಾಲು ಹುಡುಗಿಯರು. ನೂರಕ್ಕೆ ಸುಮಾರು 88 ಮಂದಿ ‘ಸಿ’ ಅಥವಾ ಅದಕ್ಕಿಂತ ಮೇಲಿನ ಗ್ರೇಡ್‌ನಲ್ಲಿ ದಾಟಿದರು. ಇದೇ ವಿಭಾಗಗಳವರು ಹಿಂದಿನ ಕೋರ್ಸಿನಲ್ಲಿ ಅರ್ಧಕ್ಕರ್ಧ ಉದುರುತ್ತಿದ್ದರು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ಸಣ್ಣ ಸುಧಾರಣೆಯಲ್ಲ. ಮೊದಲ ಬ್ಯಾಚಿನ ಉತ್ಸಾಹ ಇರಬಹುದು, ತಾವಾಗಿ ಆರಿಸಿಕೊಂಡು ಬಂದವರಿರಬಹುದು, ಹೊಸ ಕೋರ್ಸಿನ ಮೇಷ್ಟ್ರು ಅಂಕ ಕೊಡುವಾಗ ಕೈ ಸಡಿಲ ಬಿಟ್ಟಿರಬಹುದು ಎಂದೆಲ್ಲ ಅನುಮಾನಿಸಲು ಜಾಗವಿದೆ. ಆದರೆ ಮುಂದಿನ ವರ್ಷಗಳಲ್ಲೂ, ಕ್ಲಾಸು ದೊಡ್ಡದಾದ ಮೇಲೂ, ಪ್ರಮಾಣ 85ರ ಆಸುಪಾಸಿನಲ್ಲೇ ನಿಂತಿತು. ಎಂಜಿನಿಯರಿಂಗಿನವರಿಗೆ ಮ್ಯಾಟ್‌ಲ್ಯಾಬ್ ಎಂಬ ಲೆಕ್ಕಾಚಾರದ ಸಾಫ್ಟ್‌ವೇರ್ ಬಳಸುವ ಪ್ರತ್ಯೇಕ ಕೋರ್ಸೂ ಬಂತು. ಎಲ್ಲರಿಗೂ ಒಂದೇ ಕೋರ್ಸು ಎಂಬ ಹಟವನ್ನು ಜಾರ್ಜಿಯಾ ಟೆಕ್ ಬಿಟ್ಟಿತು. ಎಲ್ಲರಿಗೂ ಕೋರ್ಸು ಇರಬೇಕು ಎಂಬ ನಿಯಮ ಉಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಕಥೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ.

ಮಳೆಯ ಲೆಕ್ಕ

ಸಾಲೊವೇ 1980ರ ದಶಕದ ಆರಂಭದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿದ್ದಾಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. ಅಂಕಿಗಳನ್ನು ಒಂದೊಂದಾಗಿ ಓದಿಕೊಳ್ಳಬೇಕು, 99999 ಬಂದಾಗ ನಿಲ್ಲಿಸಬೇಕು, ಅದುವರೆಗೆ ಬಂದದ್ದರ ಸರಾಸರಿ ಹೇಳಬೇಕು. ಮುಂದೆ ಇದಕ್ಕೆ ದಿನದ ಮಳೆಯ ಪ್ರಮಾಣ ಎಂಬ ವೇಷ ಹಾಕಿದ್ದರಿಂದ ಮಳೆ ಲೆಕ್ಕ ಎಂದೇ ಈ ಬಗೆಯ ಪ್ರಶ್ನೆ ಹೆಸರಾಯಿತು. ಏಳನೇ ಕ್ಲಾಸಿನ ಮಕ್ಕಳು ಕಾಗದದ ಮೇಲೆ ಮಾಡುವ ಲೆಕ್ಕ. 1983ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪಾಸ್ಕಲ್ ಭಾಷೆಯಲ್ಲಿ ಮೊದಲ ಕೋರ್ಸು ಓದುತ್ತಿದ್ದವರಲ್ಲಿ ಇದನ್ನು ಸರಿಯಾಗಿ ಬರೆದವರು ಶೇ. 14. ಎರಡನೇ ಕೋರ್ಸಿನವರಲ್ಲಿ ಶೇ. 36. ಮುಂದುವರಿದ ವಿದ್ಯಾರ್ಥಿಗಳಲ್ಲೂ ಶೇ. 69 ಅಷ್ಟೇ.

ಯಾಕೆ ಹೀಗೆ? ಕೂಡುವುದು ಗೊತ್ತು, ಎಣಿಸುವುದು ಗೊತ್ತು, ಲೂಪು ಗೊತ್ತು, ಭಾಗಿಸುವುದು ಗೊತ್ತು. ಬಿಡಿಬಿಡಿಯಾಗಿ ಎಲ್ಲವೂ ಬರುತ್ತದೆ. ಒಂದರೊಳಗೊಂದು ಹೆಣೆಯುವಾಗ ಎಡವುತ್ತಾರೆ. ಲೂಪಿನೊಳಗೆ ಮೊದಲು ಅಂಕಿ ಓದಿ ಆಮೇಲೆ ಕೂಡಿದರೆ, ನಿಲ್ಲಿಸು ಎಂದು ಹೇಳಲು ಬಂದ 99999 ಕೂಡ ಮೊತ್ತಕ್ಕೆ ಸೇರಿಕೊಳ್ಳುತ್ತದೆ. ಮೂರು ದಿನದ ಮಳೆಯ ಸರಾಸರಿ ಇಪ್ಪತ್ತು ಸಾವಿರ ಮೀರುತ್ತದೆ. ಮೊದಲು ಕೂಡಿ ಆಮೇಲೆ ಓದಿದರೆ ಸರಿ, ಆದರೆ ಆಗ ಮೊದಲ ಅಂಕಿಯನ್ನು ಲೂಪಿನ ಹೊರಗೆ ಬೇರೆಯಾಗಿ ಓದಿಕೊಂಡು ಬರಬೇಕು. ಮೊದಲ ಅಂಕಿಯೇ 99999 ಆಗಿದ್ದರೆ ಸೊನ್ನೆಯಿಂದ ಭಾಗಿಸುವ ಗಂಡಾಂತರ ಬೇರೆ. ಒಂದೇ ಒಲೆಯ ಮೇಲೆ ಹಾಲು, ಸಾರು, ಅನ್ನ ಮೂರನ್ನೂ ಸರದಿ ಹಾಕಿ ಯಾವುದೂ ಉಕ್ಕದಂತೆ, ಸೀಯದಂತೆ ಇಳಿಸುವ ಕೆಲಸ ಇದು. ಪ್ರತಿ ಅಡುಗೆಯೂ ಸುಲಭ, ಕಷ್ಟ ಇರುವುದು ಸರದಿಯಲ್ಲಿ. ಸಾಫ್ಟ್‌ವೇರ್ ವಿನ್ಯಾಸ ಎಂದು ದೊಡ್ಡ ಮಾತಿನಲ್ಲಿ ಕರೆಯುವುದರ ಬೀಜವೂ ಇಲ್ಲೇ ಇದೆ.

ವಿಚಿತ್ರವೆಂದರೆ, ಮೀಡಿಯಾ ಕಂಪ್ಯುಟೇಶನ್ ಶುರುವಾಗುವ ಎರಡು ವರ್ಷ ಮೊದಲು ಇದೇ ಕಾಯಿಲೆಯನ್ನು ಇನ್ನೊಮ್ಮೆ ಎತ್ತಿ ತೋರಿಸಿದವರೂ ಜಾರ್ಜಿಯಾ ಟೆಕ್ಕಿನವರೇ. ಮೈಕ್ ಮ್ಯಾಕ್‌ಕ್ರ್ಯಾಕನ್ ನೇತೃತ್ವದಲ್ಲಿ 2001ರಲ್ಲಿ ಒಂದಕ್ಕಿಂತ ಹೆಚ್ಚು ದೇಶಗಳ ಸಂಶೋಧಕರ ತಂಡವೊಂದು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಕ್ಯಾಲ್ಕುಲೇಟರ್ ಬರೆಯುವ ಕೆಲಸ ಕೊಟ್ಟಿತು. 110 ಅಂಕಕ್ಕೆ ಸಿಕ್ಕ ಸರಾಸರಿ 22.89. ಆ ತಂಡ ಪ್ರೋಗ್ರಾಮ್ ಬರೆಯುವ ಕೆಲಸವನ್ನು ಐದು ಹಂತವಾಗಿ ಬಿಡಿಸಿತ್ತು: ವಿವರಣೆಯಿಂದ ಸಮಸ್ಯೆಯನ್ನು ಹೊರತೆಗೆಯುವುದು, ಅದನ್ನು ಸಣ್ಣ ಸಮಸ್ಯೆಗಳಾಗಿ ಒಡೆಯುವುದು, ಒಂದೊಂದಕ್ಕೂ ಪರಿಹಾರ ಬರೆಯುವುದು, ಪರಿಹಾರಗಳನ್ನು ಕೂಡಿಸುವುದು, ಆದದ್ದು ಸರಿಯೇ ಎಂದು ತೂಗಿ ನೋಡುವುದು. ವಿದ್ಯಾರ್ಥಿಗಳು ಬಹುಪಾಲು ಮೊದಲ ಹಂತದಲ್ಲೇ ಸಿಕ್ಕಿಬಿದ್ದಿದ್ದರು. ಕೋಡಿನ ವ್ಯಾಕರಣ ತಿದ್ದುವುದರಲ್ಲೇ ಸಮಯ ಕಳೆಯುವ ಪಾಠಕ್ರಮ ಆ ಹಂತವನ್ನು ಕಲಿಸುವುದೇ ಇಲ್ಲ.

ಈಗ ಕಡಲತೀರದ ಫೋಟೊಗೆ ಮರಳಿ ನೋಡಿ. ಅಲ್ಲಿನ ಲೂಪಿನಲ್ಲಿ ಒಂದು ಚುಕ್ಕಿಗೂ ಇನ್ನೊಂದು ಚುಕ್ಕಿಗೂ ಸಂಬಂಧವಿಲ್ಲ. ಪ್ರತಿ ಚುಕ್ಕಿಯನ್ನೂ ಅದರಷ್ಟಕ್ಕೆ ಬದಲಿಸಿ ಮುಂದೆ ಹೋಗಬೇಕು. ಎಲ್ಲಿ ನಿಲ್ಲಿಸಬೇಕು ಎಂಬ ತಲೆನೋವಿಲ್ಲ, ಚುಕ್ಕಿ ಮುಗಿದರೆ ಲೂಪು ತಾನೇ ನಿಲ್ಲುತ್ತದೆ. ಹಿಂದಿನ ಸುತ್ತಿನಿಂದ ಮುಂದಿನ ಸುತ್ತಿಗೆ ಒಯ್ಯಬೇಕಾದ ಮೊತ್ತವಿಲ್ಲ, ಎಣಿಕೆಯಿಲ್ಲ. ಹೊಸಬರನ್ನು ಎಡವಿಸುವ ಕಲ್ಲುಗಳನ್ನೆಲ್ಲ ದಾರಿಯಿಂದ ತೆಗೆದಿಟ್ಟ ಹಾಗೆ ಆರಿಸಿದ ಸಮಸ್ಯೆಗಳು ಇವು. ಪಾಸಾದವರು ಹೆಚ್ಚಿದ್ದಕ್ಕೆ ಫೋಟೊ ಮತ್ತು ಹಾಡಿನ ಆಕರ್ಷಣೆಯನ್ನೇ ಎಲ್ಲರೂ ಕಾರಣವಾಗಿ ಹೇಳುತ್ತಾರೆ. ನನಗನಿಸುವಂತೆ ಸಮಸ್ಯೆಗಳ ಈ ಒಳಗಿನ ಆಕಾರಕ್ಕೂ ಅಷ್ಟೇ ಪಾಲಿದೆ. ಅದರಲ್ಲಿ ಮೋಸವೇನಿಲ್ಲ, ಮೊದಲ ವಾರಗಳಲ್ಲಿ ಹಾಗೆಯೇ ಇರಬೇಕು. ಹಿನ್ನೆಲೆ ತೆಗೆದು ಬೇರೆ ದೃಶ್ಯ ಕೂರಿಸುವ ಪಾಠ, ಕೊಲಾಜ್ ಪಾಠ ಬರುವಾಗ ಹೆಣೆಯುವ ಕೆಲಸ ಸ್ವಲ್ಪ ಬರುತ್ತದೆ ಕೂಡ. ಆದರೂ ಮಳೆ ಲೆಕ್ಕವನ್ನು ಮೈಮೇಲೆ ಹಾಕಿಕೊಳ್ಳದೆ ‘ಎ’ ಗ್ರೇಡ್ ಪಡೆದು ಹೊರಬರುವುದು ಈ ದಾರಿಯಲ್ಲಿ ಸಾಧ್ಯ.

ಕಲಿತದ್ದು ಹೆಚ್ಚಿತೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಅಳತೆಗೋಲಿಲ್ಲದೆ ಆಗದ ಮಾತು. ಪ್ರತಿ ಕೋರ್ಸಿಗೂ ಒಂದೊಂದು ಭಾಷೆ, ಒಂದೊಂದು ಪರೀಕ್ಷೆ, ಹೋಲಿಸುವುದು ಹೇಗೆ? ಗಜ್ಡಿಯಲ್ ಅವರ ವಿದ್ಯಾರ್ಥಿನಿ ಆಲಿಸನ್ ಎಲಿಯಟ್ ಟ್ಯೂ ಈ ಕೆಲಸಕ್ಕೆ ಕೈಹಾಕಿದರು. 2005ರಲ್ಲಿ ಅವರು ತೋರಿಸಿದ್ದು: ಬೇರೆ ಬೇರೆ ಮೊದಲ ಕೋರ್ಸುಗಳಿಂದ ಬಂದವರಿಗೆ ಎರಡನೇ ಕೋರ್ಸಿನ ಆರಂಭದಲ್ಲಿ ಗೊತ್ತಿದ್ದದ್ದು ಬೇರೆ ಬೇರೆ, ಎರಡನೇ ಕೋರ್ಸು ಮುಗಿಯುವಾಗ ಆ ವ್ಯತ್ಯಾಸ ಅಳಿಸಿಹೋಗಿತ್ತು. ಮುಂದೆ ಯಾವ ಭಾಷೆಗೂ ಅಂಟದ, ಸೂಡೊಕೋಡ್‌ನಲ್ಲಿ (ಕೋಡಿನಂತೆಯೇ ಕಾಣುವ, ಆದರೆ ಮನುಷ್ಯರು ಓದಲೆಂದೇ ಇರುವ ಬರಹದಲ್ಲಿ) ಬರೆದ ಒಂದು ಪರೀಕ್ಷೆಯನ್ನೇ ಅವರು ಕಟ್ಟಿದರು.

2013ರಲ್ಲಿ ಗಜ್ಡಿಯಲ್ ತಮ್ಮದೇ ಕೋರ್ಸಿನ ಹತ್ತು ವರ್ಷದ ಲೆಕ್ಕ ಒಪ್ಪಿಸಿದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಗೌರವ ಹುಟ್ಟಿಸುವ ಭಾಗ ಅದು. ಶುರುವಿನಲ್ಲಿ ತಾವು ಏನೇನು ಆಗುತ್ತದೆ ಎಂದುಕೊಂಡಿದ್ದರೋ ಅದನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟುಕೊಂಡು ಸಾಕ್ಷ್ಯ ಇದೆಯೇ ಎಂದು ಕೇಳಿದರು. ವಿದ್ಯಾರ್ಥಿಗಳು ಕೋರ್ಸು ಬಿಡದೆ ಉಳಿಯುತ್ತಾರೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿತ್ತು, ಬೇರೆ ಕಾಲೇಜುಗಳಿಂದಲೂ. ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಇರಲಿಲ್ಲ. ತಾನೇ ಹೆತ್ತ ಕೋರ್ಸಿನ ಬಗ್ಗೆ, ಅದರ ಪಠ್ಯಪುಸ್ತಕವನ್ನೂ ಬರೆದ ಮೇಲೆ, ಹೀಗೆ ಬರೆಯುವ ಮೇಷ್ಟ್ರುಗಳು ಕಡಿಮೆ.

ಇದಕ್ಕೊಂದು ಕಹಿ ಅಡಿಟಿಪ್ಪಣಿಯೂ ಇದೆ. 2014ರಲ್ಲಿ ಕ್ಯಾಥಿ ಫಿಸ್ಲರ್ ಅದೇ ಮಳೆ ಲೆಕ್ಕವನ್ನು ಫಂಕ್ಷನಲ್ ಶೈಲಿಯಲ್ಲಿ, ಅಂದರೆ ಒಂದೊಂದು ಕೆಲಸಕ್ಕೂ ಸಣ್ಣ ಫಂಕ್ಷನ್ ಬರೆದು ಜೋಡಿಸುವ ರೀತಿಯಲ್ಲಿ, ಪ್ರೋಗ್ರಾಮಿಂಗ್ ಆರಂಭಿಸಿದ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ಅವರು ಹಳೆಯ ಅಧ್ಯಯನಗಳವರಿಗಿಂತ ಎಷ್ಟೋ ಚೆನ್ನಾಗಿ ಮಾಡಿದರು. ಬೇಡದ ಅಂಕಿಗಳನ್ನು ಮೊದಲು ಜಾಲಿಸಿ ತೆಗೆದು, ಆಮೇಲೆ ಕೂಡಿ, ಆಮೇಲೆ ಎಣಿಸಿ, ಒಂದೊಂದು ಕೆಲಸವನ್ನೂ ಬೇರೆ ಬೇರೆ ಫಂಕ್ಷನ್ನಿನಲ್ಲಿ ಬರೆಯುವ ದಾರಿ ಅವರಿಗೆ ತೆರೆದಿತ್ತು. ಜಾರ್ಜಿಯಾ ಟೆಕ್ ಕೈಬಿಟ್ಟ ಸ್ಕೀಮ್ ಇದೇ ವಂಶದ ಭಾಷೆ. ಹಾಗೆಂದು ಸ್ಕೀಮ್ ಬಿಟ್ಟದ್ದು ತಪ್ಪೆನ್ನಲು ಬರುವುದಿಲ್ಲ. ಅರ್ಧ ಕ್ಲಾಸು ಎದ್ದು ಹೋದ ಮೇಲೆ ಉಳಿದರ್ಧಕ್ಕೆ ಎಷ್ಟು ಚೆನ್ನಾಗಿ ಕಲಿಸಿದರೂ ‘ಎಲ್ಲರಿಗೂ ಕೋರ್ಸು’ ಎಂಬ ನಿಯಮಕ್ಕೆ ಅರ್ಥವಿಲ್ಲ.

ಬೇರೆ ಕಡೆಗಳಲ್ಲಿ

ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಈ ಕೋರ್ಸನ್ನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೇ ತಂದು ಅದಕ್ಕೆ ಇನ್ನೆರಡು ಪದ್ಧತಿ ಸೇರಿಸಿತು. ಒಂದು, ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವುದು. ಇನ್ನೊಂದು, ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಜನಪ್ರಿಯಗೊಳಿಸಿದ ವಿಧಾನ: ಪ್ರಶ್ನೆ ತೋರಿಸುತ್ತಾರೆ, ಪ್ರತಿಯೊಬ್ಬರೂ ಗುಂಡಿ ಒತ್ತಿ ಉತ್ತರ ಕೊಡುತ್ತಾರೆ, ಪಕ್ಕದವರ ಜೊತೆ ವಾದ ಮಾಡುತ್ತಾರೆ, ಮತ್ತೆ ಗುಂಡಿ ಒತ್ತುತ್ತಾರೆ. ಲಿಯೊ ಪೋರ್ಟರ್ ಮತ್ತು ಬೆತ್ ಸೈಮನ್ 2013ರಲ್ಲಿ ವರದಿ ಮಾಡಿದಂತೆ, ಮೊದಲಿಗಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ವಿದ್ಯಾರ್ಥಿಗಳು ಕಂಪ್ಯೂಟರ್ ಸೈನ್ಸಿನಲ್ಲೇ ಉಳಿದರು. ಮೂರನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದರ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಅಟ್ಲಾಂಟಾದ ಹಳೆಯ ಕೋರ್ಸಿನಲ್ಲಿ ನಿಯಮ ಮೀರಿದಂತಾಗುತ್ತಿದ್ದ ಕೆಲಸ, ಅಂದರೆ ಪಕ್ಕದವರ ಜೊತೆ ಕೋಡ್ ಮಾತಾಡುವುದು, ಇಲ್ಲಿ ಪಾಠದ ಭಾಗವಾಗಿತ್ತು ಎಂಬುದಂತೂ ನಿಜ.

ನಮ್ಮ ವಿಟಿಯುದಲ್ಲೂ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಪಠ್ಯಕ್ರಮದಲ್ಲಿ ಸಿವಿಲ್, ಮೆಕ್ಯಾನಿಕಲ್ ಸೇರಿ ಎಲ್ಲ ಬ್ರ್ಯಾಂಚುಗಳ ಮೊದಲ ವರ್ಷಕ್ಕೂ ಸಿ ಪ್ರೋಗ್ರಾಮಿಂಗ್ ಇತ್ತು. ಲ್ಯಾಬಿನ ಪ್ರೋಗ್ರಾಮುಗಳ ಪಟ್ಟಿ ಪಠ್ಯಕ್ರಮದಲ್ಲೇ ಇರುತ್ತಿತ್ತು, ಪರೀಕ್ಷೆಯ ದಿನ ಚೀಟಿ ಎತ್ತಿದರೆ ಆ ಪಟ್ಟಿಯದೇ ಒಂದು ಬರುತ್ತಿತ್ತು. ಹತ್ತು ಹದಿನೈದು ಪ್ರೋಗ್ರಾಮನ್ನು ಸೆಮಿಕೋಲನ್ ಸಮೇತ ಉರು ಹೊಡೆಯುವ ಸಾಮರ್ಥ್ಯ ನಮ್ಮ ಹುಡುಗರಿಗೆ ಧಾರಾಳವಾಗಿದೆ. ಪಾಸಾದವರ ಪ್ರಮಾಣ ನೋಡಿ ಕಲಿಕೆ ಅಳೆಯಲಾಗದು ಎಂಬುದಕ್ಕೆ ನಮಗೆ ಅಟ್ಲಾಂಟಾದ ಉದಾಹರಣೆಯೇ ಬೇಕಾಗಿಲ್ಲ.

ಜಾರ್ಜಿಯಾ ಟೆಕ್ ತಂಡ ಮುಂದೆ ಮಾಡಿದ ಕೆಲಸಗಳು ಈ ಕೊರತೆಯ ಕಡೆಗೇ ತಿರುಗಿದವು. ಎರಡನೇ ಕೋರ್ಸಿನಲ್ಲಿ ಸಂಗೀತದ ತುಣುಕುಗಳನ್ನು ಕೊಂಡಿಯಾಗಿ ಪೋಣಿಸುತ್ತಾ ಲಿಂಕ್ಡ್ ಲಿಸ್ಟ್, ದೃಶ್ಯದ ಅಂಗಗಳನ್ನು ಜೋಡಿಸುತ್ತಾ ಟ್ರೀ ಎಂಬ ಮಾಹಿತಿ ಜೋಡಿಸಿಡುವ ಬಗೆಗಳನ್ನು ಕಲಿಸಿದರು. ಬಿಡಿಸಿ ತೋರಿಸಿದ ಉದಾಹರಣೆಯ ಪ್ರತಿ ತುಂಡಿಗೂ ‘ಇದು ಮೊತ್ತ ಶುರು ಮಾಡುವ ಭಾಗ’, ‘ಇದು ನಿಲ್ಲಿಸುವ ಷರತ್ತು’ ಎಂಬಂತೆ ಉದ್ದೇಶದ ಚೀಟಿ ಅಂಟಿಸಿದರೆ ಕಲಿಕೆ ಹೇಗಾಗುತ್ತದೆ ಎಂದು ಲಾರೆನ್ ಮಾರ್ಗುಲಿಯೊ ಪರೀಕ್ಷಿಸಿ, 2012ರಲ್ಲಿ ಒಳ್ಳೆಯ ಫಲಿತಾಂಶ ತೋರಿಸಿದರು. ಬಾರ್ಬರಾ ಎರಿಕ್ಸನ್, ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನೇ ಕಲಸಿ ಕೊಟ್ಟು ಕ್ರಮಕ್ಕೆ ಜೋಡಿಸಿ ಎನ್ನುವ ಒಗಟುಗಳ ಮೇಲೆ ಡಾಕ್ಟರೇಟ್ ಮಾಡಿದರು. ಸಾಲು ಬರೆಯುವ ಕಷ್ಟ ಇಲ್ಲದೆ ಸರದಿಯ ಕಷ್ಟವನ್ನಷ್ಟೇ ಮುಂದಿಡುವ ಅಭ್ಯಾಸ ಅದು. ಇಬ್ಬರೂ, ಗಜ್ಡಿಯಲ್ ಮತ್ತು ಎರಿಕ್ಸನ್, ಈಗ ಮಿಚಿಗನ್ ವಿಶ್ವವಿದ್ಯಾಲಯದಲ್ಲಿದ್ದಾರೆ. ಅಲ್ಲಿ ಗಜ್ಡಿಯಲ್ ಮತ್ತೆ ಕಲೆ, ವಿಜ್ಞಾನದ ವಿದ್ಯಾರ್ಥಿಗಳಿಗೇ ಕಂಪ್ಯೂಟಿಂಗ್ ಕೋರ್ಸುಗಳನ್ನು ಕಟ್ಟುತ್ತಿದ್ದಾರೆ.

ಮೀಡಿಯಾ ಕಂಪ್ಯುಟೇಶನ್ ಮಾದರಿಯನ್ನು ಇಲ್ಲಿ ಯಾರಾದರೂ ಪ್ರಯತ್ನಿಸುವುದಾದರೆ, ಹತ್ತನೇ ವಾರದ ಹೊತ್ತಿಗೆ ಒಂದು ಪ್ರಶ್ನೆ ಸೇರಿಸಬಹುದು. ನೀಲಿ ಪರದೆಯ ಮುಂದೆ ನಿಂತ ಒಬ್ಬರ ಫೋಟೊ ಕೊಟ್ಟು, ಪರದೆಯ ಚುಕ್ಕಿಗಳನ್ನು ಬಿಟ್ಟು ಆ ವ್ಯಕ್ತಿಯ ಚುಕ್ಕಿಗಳಷ್ಟರದ್ದೇ ಸರಾಸರಿ ಬೆಳಕು ಎಷ್ಟು ಎಂದು ಕೇಳಬೇಕು. ಫೋಟೊ ಅದೇ, ಲೂಪು ಅದೇ. ಆದರೆ ಈಗ ಮೊತ್ತ ಬೇಕು, ಎಣಿಕೆ ಬೇಕು, ಯಾವ ಚುಕ್ಕಿ ಸೇರಬೇಕು ಯಾವುದು ಸೇರಬಾರದು ಎಂಬ ಷರತ್ತು ಬೇಕು, ಭಾಗಿಸುವ ಸಾಲು ಲೂಪಿನ ಹೊರಗಿರಬೇಕು. ಮಳೆ ಲೆಕ್ಕದ ನಿಲ್ಲಿಸುವ ಅಂಕಿಯೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಇದರಲ್ಲಿ ಬಂತು. ಹತ್ತು ಅಂಕದ ಪ್ರಶ್ನೆಯಾದರೆ, ಬರೀ ನೀಲಿ ಪರದೆಯ ಖಾಲಿ ಫೋಟೊ ಕೊಟ್ಟಾಗಲೂ ಪ್ರೋಗ್ರಾಮ್ ಬೀಳದಂತೆ ಬರೆದವರಿಗೆ ಅದರಲ್ಲಿ ಮೂರು ಅಂಕ ಬೇರೆಯಾಗಿ ತೆಗೆದಿಡಬೇಕು.